ಇಟ್ಟುಕೊಳ್ಳುವ ಟೈರು, ಮಾರುವ ಟೈರು

ಟೈರು ಮಾರುವವರ ಮಾತನ್ನು ನಾನು ಸುಲಭವಾಗಿ ನಂಬುವುದಿಲ್ಲ. ಅವರು ಕೆಟ್ಟವರು ಅಂತಲ್ಲ. ಹಳೆಯದು ಕೆಟ್ಟಿದೆ ಎಂದು ತೀರ್ಪು ಕೊಡುವವರೂ ಹೊಸದನ್ನು ಮಾರುವವರೂ ಒಬ್ಬರೇ ಆಗಿದ್ದರೆ ಆ ತೀರ್ಪಿಗೆ ಏನು ಬೆಲೆ? ಹೈಸ್ಕೂಲಿನಿಂದ ಲಾ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ ಇದು: ಎದುರಿನವರು ಏನು ಹೇಳುತ್ತಿದ್ದಾರೆ ಎಂದು ಕೇಳುವ ಮುಂಚೆ, ಹಾಗೆ ಹೇಳುವುದರಿಂದ ಅವರಿಗೆ ಏನು ಸಿಗುತ್ತದೆ ಎಂದು ನೋಡಬೇಕು. ಆದ್ದರಿಂದ ಅಪ್ಪ ಫೋನು ಮಾಡಿ ಕರೆದಾಗ ತಕ್ಷಣ ಒಪ್ಪಿಕೊಂಡೆ.

"ಕಾರಿಗೆ ಟೈರ್ ನೋಡ್ಬೇಕಮ್ಮ. ಚಿಕ್ಕಬಳ್ಳಾಪುರದ ಭಾಯ್ ಅಂಗಡಿಗೆ ಹೋಗ್ತಿದ್ದೀನಿ. ಅವನ ಹತ್ರ ನಂಗೆ ಮಾತು ಸಾಲಲ್ಲ, ನೀನೂ ಬಂದ್ಬಿಡು."

"ಬರ್ತೀನಿ. ಬಸ್ಸಲ್ಲಿ ಬರ್ತೀನಿ."

"ಗೊತ್ತು ಬಾಮ್ಮ," ಎಂದರು.

ಬಸ್ಸಲ್ಲಿ ಎಂದು ನಾನು ಒತ್ತಿ ಹೇಳಿದ್ದಕ್ಕೆ ಕಾರಣವಿತ್ತು. ಅಪ್ಪನಿಗೆ ಶಿಡ್ಲಘಟ್ಟದಲ್ಲಿ ಬೀಜ, ಗೊಬ್ಬರದ ಅಂಗಡಿ. ಸಾದಲಿ ಕಡೆ ಹಿಪ್ಪುನೇರಳೆ ತೋಟ. ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಬೆಟ್ಟದ ಕಡೆಗೆ ಸಾಲಾಗಿ ಬರುವ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂಥ ಕಾರುಗಳನ್ನು ಹೆದ್ದಾರಿಯ ಟೀ ಅಂಗಡಿ ಮುಂದೆ ನಿಂತು ನೋಡುವುದು ಅವರಿಗೆ ಬಹಳ ಕಾಲದ ಚಟ. ನೋಡಿ ನೋಡಿ ಕೊನೆಗೆ ಅಂಥದ್ದೇ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡುಬಿಟ್ಟರು. ಕಡುನೀಲಿ ಬಣ್ಣ, ಎರಡೇ ಸೀಟು. "ನನ್ನ ಮಾತ್ರ ಕೂರಿಸ್ಬೇಡಿ, ಅದ್ರಿಂದ ಎದ್ದು ಬರೋಷ್ಟರಲ್ಲಿ ಸೊಂಟ ಹಿಡ್ಕೊಳ್ಳುತ್ತೆ," ಎಂದು ಅಮ್ಮ ಮೊದಲ ದಿನವೇ ಕೈ ಮುಗಿದಳು. ಎರಡನೆಯ ಸೀಟು ನನಗೇ ಅಂತ ಆಯಿತು.

ನಾನು ಕೂರಲಿಲ್ಲ. ಚಿಂತಾಮಣಿ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿದ್ದೆ. ವಾರವೆಲ್ಲ ಅಲ್ಲೇ ಒಂದು ರೂಮು. ಶುರುವಿನಲ್ಲಿ ಒಂದು ಸಂಜೆ ಅಪ್ಪ ನನ್ನನ್ನು ಕರೆದೊಯ್ಯಲು ಆ ಕಾರನ್ನು ಕೋರ್ಟಿನ ಗೇಟಿಗೇ ತಂದು ನಿಲ್ಲಿಸಿದರು. ಆಟೋ ಸ್ಟ್ಯಾಂಡಿನವನೊಬ್ಬ, "ಏನ್ ಲಾಯರಮ್ಮ, ವಿಮಾನ ಇಲ್ಲೇ ಇಳಿಸ್ಬಿಟ್ರಲ್ಲ," ಎಂದ. ಸುತ್ತಲಿದ್ದವರು ನಕ್ಕರು. ಬುತ್ತಿ ಕಟ್ಟಿಕೊಂಡು ಹಳ್ಳಿಯಿಂದ ಬಂದಿದ್ದ ನಮ್ಮ ಕಕ್ಷಿದಾರರು ಕಾರನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. ಕಾರಿನ ಕಿಟಕಿಗೆ ಬಗ್ಗಿ, ನೀನು ಹೋಗು ಅಪ್ಪ, ನನಗೆ ಇನ್ನೂ ಕೆಲಸವಿದೆ ಎಂದು ಸುಳ್ಳು ಹೇಳಿದೆ. ರಾತ್ರಿ ಫೋನಿನಲ್ಲಿ ನನ್ನ ವಾದ ಮಂಡಿಸಿದೆ. ಬಡವರ ಕೇಸು ನಡೆಸುವವಳು ಅಂಥ ಕಾರಿನಿಂದ ಇಳಿದರೆ ಯಾರು ನಂಬುತ್ತಾರೆ, ನಮ್ಮ ರಸ್ತೆಗೆ ಅದರ ವೇಗ ಯಾಕೆ, ತೋರಿಸಿಕೊಳ್ಳುವುದಲ್ಲದೆ ಅದರಿಂದ ಇನ್ನೇನು ಉಪಯೋಗ? ಇವತ್ತಿಗೂ ಆ ವಾದದಲ್ಲಿ ದೊಡ್ಡ ತಪ್ಪು ನನಗೆ ಕಾಣುವುದಿಲ್ಲ. ಅಪ್ಪ ಹೂಂ ಹೂಂ ಎಂದು ಕೇಳಿಸಿಕೊಂಡರು. ಎದುರಾಳಿ ಮಾತಾಡದಿದ್ದರೆ ಗೆದ್ದಂತೆ ಎಂಬುದು ನನ್ನ ಲೆಕ್ಕ.

ಭಾಯ್ ಅಂಗಡಿ ಬೈಪಾಸಿನ ಪಕ್ಕದಲ್ಲಿದೆ. ನಮ್ಮ ಟ್ರ್ಯಾಕ್ಟರಿನ ಟೈರುಗಳೆಲ್ಲ ಮೊದಲಿನಿಂದ ಅಲ್ಲಿಯವೇ, ಹಾಗಾಗಿ ಅಪ್ಪನಿಗೂ ಅವರಿಗೂ ಹಳೆಯ ಸಲಿಗೆ. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಕಾರು ಜಾಕಿನ ಮೇಲಿತ್ತು.

"ಬಾಮ್ಮಾ, ಬಾ. ನಾಕು ಟೈರೂ ಬದಲಾಯಿಸ್ಬೇಕು ಅಂದ್ರೆ, ನಿಮ್ಮಪ್ಪ ವಕೀಲ್ರು ಬರ್ಲಿ ಅಂತ ಬಾಯೇ ಬಿಡ್ತಿಲ್ಲ," ಎಂದರು ಭಾಯ್.

ನಾನು ನೇರವಾಗಿ ಟೈರಿನ ಹತ್ತಿರ ಕೂತೆ. ಟೈರಿನ ಮೈಮೇಲಿನ ಆಳವಾದ ಗೆರೆಗಳಿಗೆ ನಮ್ಮ ಕಡೆ ಗ್ರಿಪ್ ಅನ್ನುತ್ತಾರೆ. ಅದು ಸವೆದರೆ ಟೈರಿನ ಆಯುಸ್ಸು ಮುಗಿಯಿತು. ಪರ್ಸಿನಿಂದ ಒಂದು ನಾಣ್ಯ ತೆಗೆದು ಗೆರೆಯೊಳಗೆ ತೂರಿಸಿದೆ. ಚೆನ್ನಾಗಿಯೇ ಮುಳುಗಿತು.

"ಇಷ್ಟು ಗ್ರಿಪ್ ಇಟ್ಕೊಂಡು ಬದಲಾಯಿಸಿ ಅಂತೀರಲ್ಲ ಭಾಯ್? ನಮ್ಮ ಟ್ರ್ಯಾಕ್ಟರ್ ಟೈರ್ ಬೋಳಾಗಿದ್ರೂ ಓಡ್ತಿದೆ."

"ಟ್ರ್ಯಾಕ್ಟರ್ ಎಷ್ಟು ಸ್ಪೀಡಲ್ಲಿ ಓಡುತ್ತಮ್ಮಾ?"

"ಇದು ಎಷ್ಟು ಸ್ಪೀಡಲ್ಲಿ ಓಡುತ್ತೆ, ನಮ್ಮ ರೋಡಲ್ಲಿ? ಹೆಜ್ಜೆಗೊಂದು ಹಂಪು."

"ಅದೂ ನಿಜಾನೇ," ಎಂದು ಅವರು ನಕ್ಕರು. ಅಪ್ಪನೂ ನಕ್ಕರು. ಗೆದ್ದ ಹುರುಪಿನಲ್ಲಿ ಇನ್ನೊಂದು ಚಕ್ರಕ್ಕೆ ಸರಿದವಳು ಟೈರಿನ ಪಕ್ಕೆಯ ಮೇಲೆ ಕೈ ಆಡಿಸಿದೆ. ಬೆರಳಿಗೆ ಏನೋ ತೊಡರಿತು. ಬಗ್ಗಿ ನೋಡಿದರೆ ಒಡೆದ ಹಿಮ್ಮಡಿಯ ಹಾಗೆ ಸಣ್ಣ ಸಣ್ಣ ಬಿರುಕು, ಸುತ್ತಲೂ. ಒತ್ತಿದರೆ ಬಾಯಿ ಬಿಡುತ್ತಿದ್ದವು. ನೆಲಕ್ಕೆ ತಾಗಿ ನಿಲ್ಲುವ ಕಡೆ ಒಂದು ಜಾಗದಲ್ಲಿ ಟೈರು ತುಸು ಚಪ್ಪಟೆಯಾಗಿತ್ತು.

ಯಾರೂ ವಿವರಿಸಬೇಕಾಗಿರಲಿಲ್ಲ. ಗ್ರಿಪ್ ಸವೆದಿಲ್ಲ, ರಬ್ಬರು ಮಾತ್ರ ಸತ್ತಿದೆ. ಓಡಿ ಹಾಳಾದ ಟೈರಲ್ಲ ಇದು, ನಿಂತು ನಿಂತು ಹಾಳಾದದ್ದು.

ಒಂದು ಹೊಂದದ ಸಂಗತಿ ಕಂಡರೆ ಹಿಡಿದು ಎಳೆಯುವುದು ನನ್ನ ಸ್ವಭಾವ. ಕೂತಲ್ಲಿಂದಲೇ ಕೇಳಿದೆ.

"ಅಪ್ಪಾ, ನೀನು ಭಾನುವಾರ ಭಾನುವಾರ ತಗೊಂಡು ಹೋಗ್ತಿದ್ಯಲ್ಲ?"

"ಹೋಗ್ತಿದ್ದೆ. ಬಿಟ್ಬಿಟ್ಟೆ."

"ಯಾವಾಗಿಂದ?"

"ಅವತ್ತು ನಿನ್ನ ಕರ್ಕೊಂಡ್ಹೋಗೋಕೆ ಕೋರ್ಟ್ ಹತ್ರ ಬಂದಿದ್ನಲ್ಲ, ಆಮೇಲಿಂದ."

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಎಂದು ನಮ್ಮ ಹಿರಿಯ ವಕೀಲರು ಎಷ್ಟೋ ಸಲ ಹೇಳಿದ್ದರು. ಆದರೂ ಕೇಳಿದೆ.

"ಯಾಕೆ?"

"ನಿಂಗೆ ನಾಚಿಕೆ ಆಗುತ್ತಲ್ಲಮ್ಮ."

ದೂರುವ ದನಿಯಲ್ಲ. ಟೈರಿನ ಅಳತೆ ಕೇಳಿದ್ದರೆ ಹೇಗೆ ಹೇಳುತ್ತಿದ್ದರೋ ಹಾಗೆ ಹೇಳಿದರು. ಭಾಯ್ ಒಳಗೆ ಹೋಗಿ, ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತ ಒಂದು ಟೈರನ್ನು ಉರುಳಿಸಿಕೊಂಡು ಬಂದರು.

"ಇದು ನೋಡಣ್ಣಾ. ಅಳತೆ ಸರಿಹೋಗುತ್ತೆ, ಬಾಳಿಕೆ ಬರುತ್ತೆ, ಕಣ್ಣಿಗೆ ಚೆನ್ನಾಗಿದೆ. ರಬ್ಬರ್ ಗಟ್ಟಿ, ಈ ಗಾಡಿ ಓಟಕ್ಕೆ ಮಳೇಲಿ ಹಿಡ್ಕೊಳ್ಳಲ್ಲ. ಈ ಗಾಡಿಗೇ ಅಂತ ಮಾಡಿರೋದು ಬೇರೆ ಬರುತ್ತೆ, ಮೆತ್ತನೆ ರಬ್ಬರು, ಬೇಗ ಸವೆಯುತ್ತೆ, ಆದ್ರೆ ರೋಡನ್ನ ಬಿಡಲ್ಲ. ಅದನ್ನ ಬೆಂಗಳೂರಿಂದ ತರಿಸ್ಬೇಕು. ಇಟ್ಕೊಳ್ಳೋದಾದ್ರೆ ಅದು. ಮಾರೋದಕ್ಕಾದ್ರೆ ಇದು ಸಾಕು."

"ಮಾರೋದಾ?" ಎಂದೆ.

"ಗೌರಿಬಿದನೂರಲ್ಲಿ ಒಬ್ಬ ಹುಡ್ಗ ಕೇಳಿದ್ದಾನೆ. ಕೋಳಿ ಫಾರಂ ಇದೆ ಅವರ್ದು," ಎಂದರು ಅಪ್ಪ. "ನಿಂತೇ ಹಾಳಾಗೋದಕ್ಕಿಂತ ಯಾರಾದ್ರೂ ಓಡಿಸ್ಲಿ ಅಂತ."

ಅವರು ನನ್ನನ್ನು ಕರೆಸಿದ್ದು ಭಾಯ್ ಜೊತೆ ಚೌಕಾಸಿ ಮಾಡಲಿಕ್ಕೆ ಅಲ್ಲ ಎಂದು ಆಗ ಹೊಳೆಯಿತು. ಯಾವ ಟೈರು ಎಂದು ನಾನು ಹೇಳಬೇಕಿತ್ತು. ನಾನು ಇಟ್ಟುಕೊಳ್ಳುವ ಟೈರು ಎಂದಿದ್ದರೆ ಕಾರು ಉಳಿಯುತ್ತಿತ್ತೋ ಏನೋ. ಹಾಗಂತ ಒಂದೇ ಮಾತು ಹೇಳಿ ಸುಮ್ಮನಿದ್ದಿದ್ದರೆ ಸಾಕಾಗುತ್ತಿತ್ತು.

ನಾನು ವಾದ ಶುರು ಮಾಡಿದೆ.

ಮಾರಬಾರದು ಎಂದೆ. ದುಡಿದವನು ತನ್ನ ದುಡಿಮೆಯಿಂದ ಒಂದು ಆಸೆ ತೀರಿಸಿಕೊಂಡರೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ ಎಂದೆ. ವಕೀಲೆಯನ್ನು ಕೆಲಸದಿಂದ ಅಳೆಯಬೇಕು, ಅವಳ ಅಪ್ಪನ ಕಾರಿನಿಂದಲ್ಲ. ಹಾಗೆ ಅಳೆಯುವ ಕಕ್ಷಿದಾರರು ತಪ್ಪು ತಿಳಿದಿದ್ದಾರೆ, ಅದು ನಮ್ಮ ತಪ್ಪಲ್ಲ. ಉಪಯೋಗ ಅಂತ ಕೇಳುವುದಾದರೆ ಮನೆ ಮುಂದಿನ ರಂಗೋಲಿಗೆ ಏನು ಉಪಯೋಗ? ನನ್ನದೇ ಹಳೆಯ ಮಾತುಗಳನ್ನು ಒಂದೊಂದಾಗಿ ಎತ್ತಿ ಮುರಿದೆ. ಭಾಯ್ ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತ ನಿಂತರು. ಅಪ್ಪನ ಮುಖದಲ್ಲಿ, ನಾನು ಶಾಲೆಯ ವೇದಿಕೆಯಲ್ಲಿ ಮಾತಾಡುವಾಗ ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ ಅದೇ ಸಂತೋಷ.

ಅಷ್ಟರಲ್ಲಿ ಒಂದು ಬೈಕು ಗಾಳಿ ತುಂಬಿಸಲು ಬಂದು ನಿಂತಿತು. ನಮ್ಮ ಕೋರ್ಟಿನ ಟೈಪಿಸ್ಟು. ಅವರು ಹೆಲ್ಮೆಟ್ ತೆಗೆಯುವ ಮುಂಚೆಯೇ ನನ್ನ ಕಾಲುಗಳು ತಾವಾಗಿಯೇ ಹಿಂದಕ್ಕೆ ಸರಿದವು. ಪೇರಿಸಿಟ್ಟ ಲಾರಿ ಟೈರುಗಳ ಹಿಂದೆ ನಿಂತುಕೊಂಡೆ. ಮಾತು ಮಾತ್ರ ನಿಲ್ಲಿಸಲಿಲ್ಲ, ದನಿ ತಗ್ಗಿಸಿ ಮುಂದುವರಿಸಿದೆ. ಯಾರ ಕಣ್ಣಿಗೂ ಅಂಜಬೇಕಿಲ್ಲ ಅಪ್ಪಾ, ಎಂದು ಟೈರುಗಳ ಮರೆಯಿಂದ ಹೇಳುತ್ತಿದ್ದೆ.

ಅಪ್ಪ ಟೈಪಿಸ್ಟನ್ನು ನೋಡಿದರು. ನನ್ನನ್ನು ನೋಡಿದರು. ಬೈಕು ಹೋಗುವ ತನಕ ಕಾದರು.

"ಚೆನ್ನಾಗಿ ಹೇಳ್ದೆ ಕಣಮ್ಮ," ಎಂದರು. "ಅವತ್ತು ಫೋನಲ್ಲೂ ಚೆನ್ನಾಗೇ ಹೇಳಿದ್ದೆ. ಎರಡ್ರಲ್ಲಿ ನಿನ್ ಮನಸ್ಸಲ್ಲಿರೋದು ಯಾವ್ದು ಅಂತ ನಂಗೆ ಗೊತ್ತಾಗಲ್ಲ, ಅಷ್ಟೇ."

ಅಪ್ಪ ಅಂಥ ಪೆಟ್ಟು ಕೊಡುವ ಮನುಷ್ಯ ಅಲ್ಲ. ನಿಜವಾಗಿಯೂ ಗೊತ್ತಾಗದೆ ಹೇಳಿದ್ದು. ಉತ್ತರ ಕೊಡಲು ಬಾಯಿ ತೆರೆದೆ. ಬಂದ ಮಾತುಗಳೆಲ್ಲ ಚೆನ್ನಾಗಿದ್ದವು. ಚೆನ್ನಾಗಿರುವುದೇ ಅವುಗಳ ದೋಷವಾಗಿತ್ತು. ಟೈರುಗಳ ಮರೆಯಿಂದ ಈಚೆ ಬಂದೆ.

"ಬೆಂಗಳೂರಿಂದ ತರ್ಸು ಭಾಯ್," ಎಂದರು ಅಪ್ಪ. "ನಾಕೂ ಅದೇ ಹಾಕು."

"ಅಲ್ಲಿಗೆ ಇಟ್ಕೊಳ್ತೀರಾ?"

"ಇಲ್ಲ, ಕೊಡ್ತೀನಿ. ವಯಸ್ಸಿನ ಹುಡ್ಗ, ಓಡಿಸ್ದೆ ಬಿಡ್ತಾನಾ? ಮಳೇಲೂ ಓಡಿಸ್ತಾನೆ. ನಾಳೆ ಏನಾದ್ರೂ ಆದ್ರೆ?"

ಭಾಯ್ ಟೀ ಲೋಟ ಕೆಳಗಿಟ್ಟರು. "ಕೈಬಿಟ್ಟು ಹೋಗೋ ಗಾಡಿಗೆ ಯಾರೂ ಇಷ್ಟು ಸಿಂಗಾರ ಮಾಡಲ್ಲಣ್ಣಾ. ಮಗಳ ಮದ್ವೆಗಾದ್ರೂ ಇಷ್ಟು ಮಾಡ್ತೀರೋ ಇಲ್ವೋ."

"ಅವಳಿಗೇನು ಬೇಡ ಬಿಡು. ಗಂಡನ ಮನೆಗೂ ಬಸ್ಸಲ್ಲೇ ಹೋಗ್ತಾಳೆ," ಎಂದು ಅಪ್ಪ ನಕ್ಕರು. ನಾನೂ ನಗಬೇಕಿತ್ತು.

ಕಾರನ್ನು ಜಾಕಿನಿಂದ ಇಳಿಸಿದರು. ಅಪ್ಪ ಬಾಗಿಲು ತೆರೆಯುವಾಗ ಹತ್ತಿರ ಹೋಗಿ, "ಶಿಡ್ಲಘಟ್ಟದ ತನಕ ನಾನೂ ಕಾರಲ್ಲೇ ಬರ್ತೀನಿ ಅಪ್ಪಾ," ಎಂದೆ. ಈ ಸಲ ಕಾರಣ ಹೇಳಲಿಲ್ಲ.

ಅವರು ಮುಂದಿನ ಚಕ್ರದ ಕಡೆ ನೋಡಿದರು. "ಈ ಟೈರಲ್ಲಾ? ಬೇಡಮ್ಮ. ನಾನೊಬ್ನೇ ಆದ್ರೆ ನಿಧಾನಕ್ಕೆ ಹೋಗ್ತೀನಿ. ನಿನ್ನ ಕೂರಿಸ್ಕೊಂಡು ಹೋಗಲ್ಲ. ಬಸ್ಸಲ್ಲೇ ಬಾ."

ಹೊಸ ಟೈರುಗಳು ಮುಂದಿನ ವಾರ ಬಂದವು. ಅಂದು ನನಗೆ ಕೋರ್ಟಿತ್ತು. ಅಪ್ಪ ಹೋಗಿ ಹಾಕಿಸಿದರು, ಗೌರಿಬಿದನೂರಿನ ಹುಡುಗ ಅಂಗಡಿಗೇ ಬಂದು ಕಾರು ತೆಗೆದುಕೊಂಡು ಹೋದ. ಹೊಸ ರಬ್ಬರು ಮೊದಮೊದಲು ಜಾರುತ್ತದೆ, ಸ್ವಲ್ಪ ದಿನ ಹುಷಾರಾಗಿ ಓಡಿಸಪ್ಪ ಎಂದು ಅವನಿಗೆ ಎರಡೆರಡು ಸಲ ಹೇಳಿದರಂತೆ. ಇಷ್ಟನ್ನೂ ಅಮ್ಮ ಫೋನಿನಲ್ಲಿ ಹೇಳಿದಳು. ಅಪ್ಪ ಆ ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಲವೂ ಕೂರದ ಕಾರಿನ ಬಗ್ಗೆ ಏನಂತ ಕೇಳುವುದು?

ಆದರೆ ನನ್ನನ್ನು ಹೆಚ್ಚು ಕಾಡುವುದು ಭಾಯ್ ಅಂಗಡಿಯಿಂದ ಹೊರಟ ಆ ಮಧ್ಯಾಹ್ನವೇ. ಶಿಡ್ಲಘಟ್ಟದ ಮೇಲೆ ಹೋಗುವ ಚಿಂತಾಮಣಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಶಿಡ್ಲಘಟ್ಟದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಕಡುನೀಲಿ ಕಾರು ಕಂಡಿತು. ರಸ್ತೆಯ ಎಡಕ್ಕೆ ಒತ್ತಿಕೊಂಡು, ಇಂಡಿಕೇಟರು ಮಿಣುಕಿಸುತ್ತ, ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಡುತ್ತ ಹೋಗುತ್ತಿತ್ತು. ನಮ್ಮ ಬಸ್ಸು ಹಾರ್ನು ಹಾಕಿ ಅದನ್ನು ದಾಟತೊಡಗಿತು. ಬಸ್ಸಿನ ಅರ್ಧ ಜನ ಈ ಕಡೆಯ ಕಿಟಕಿಗಳಿಗೆ ಬಗ್ಗಿದರು.

ನನ್ನ ಪಕ್ಕದಲ್ಲಿ ಟೊಮೆಟೊ ಮಂಡಿಯಿಂದ ಬರುತ್ತಿದ್ದ ಒಬ್ಬ ಯಜಮಾನರು ಕೂತಿದ್ದರು. "ಏಂ ಕಾರಪ್ಪಾ ಇದಿ," ಎಂದು ತೆಲುಗಿನಲ್ಲಿ ಶುರು ಮಾಡಿ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ಅಷ್ಟು ದೊಡ್ಡ ಗಾಡಿ ಇಟ್ಕೊಂಡು ಎತ್ತಿನ ಗಾಡಿ ಥರ ಹೋಗ್ತಾನಲ್ಲಮ್ಮ. ಓಡಿಸೋಕೆ ಬರದವ್ರಿಗೆಲ್ಲ ಯಾಕೆ ಬೇಕು ಇವು?"

ಕೆಳಗೆ ಅಪ್ಪನ ತಲೆ ಕಾಣುತ್ತಿತ್ತು. ಎರಡೂ ಕೈ ಸ್ಟೀರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಪಕ್ಕದ ಸೀಟಿನ ಮೇಲೆ ಅವರ ಟವೆಲ್ಲು.

"ಅವ್ರು ನಮ್ಮಪ್ಪ," ಎಂದೆ. "ಟೈರ್ ಸರಿ ಇಲ್ಲ, ಅದಕ್ಕೆ ನಿಧಾನಕ್ಕೆ ಹೋಗ್ತಿದ್ದಾರೆ."

ಯಜಮಾನರು ಗಾಬರಿಯಾಗಿ, ತಪ್ಪು ತಿಳ್ಕೋಬೇಡಮ್ಮ ಎಂದರು. ಕಾರು ಹಿಂದೆ ಉಳಿಯಿತು. ಅವರು ನನ್ನ ಕೈಯಲ್ಲಿದ್ದ ಟಿಕೆಟನ್ನು ನೋಡಿ ಕೇಳಿದರು:

"ಮತ್ತೆ ನೀನ್ಯಾಕಮ್ಮ ಬಸ್ಸಲ್ಲಿ?"

ಟೈರಿನ ಕಾರಣ ಹೇಳಬಹುದಿತ್ತು. ಅಪ್ಪನೇ ಬೇಡ ಅಂದರು ಎನ್ನಬಹುದಿತ್ತು. ಅದು ನಿಜವೂ ಆಗಿತ್ತು, ಯಾರೂ ಅಲ್ಲಗಳೆಯಲಾಗದ ಉತ್ತರ.

"ನಾಚಿಕೆ ಆಗ್ತಿತ್ತು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಅಂಥ ಕಾರಲ್ಲಿ ಕೂರೋಕಾ?" ಎಂದು ಇನ್ನೊಮ್ಮೆ ಕೇಳಿದರು. ನಾನು ಹೌದು ಎಂದು ತಲೆಯಾಡಿಸಿದೆ.