ಚೀಲದಲ್ಲಿ ಇಲ್ಲದ ಆಕ್ಸಲ್

ಗುಜರಿಗೆ ಹೋಗಬೇಕಾದ ಕಾರನ್ನು ಎಳೆದು ತಂದು ಮತ್ತೆ ಓಡಿಸುವುದು ಬುದ್ಧಿವಂತರ ಕೆಲಸವಲ್ಲ. ನಿಪ್ಪಾಣಿಯಲ್ಲಿ ನನಗೆ ಈ ಮಾತು ಹೇಳದವರೇ ಇರಲಿಲ್ಲ. ಹೆದ್ದಾರಿಯ ಪಕ್ಕದಲ್ಲಿ ನನ್ನ ಗ್ಯಾರೇಜು. ಹೊಟ್ಟೆಪಾಡಿಗೆ ಟ್ರಕ್ಕು, ಟೆಂಪೊ, ಟ್ರ್ಯಾಕ್ಟರು. ಹುಚ್ಚಿಗೆ ಹಳೇ ಕಾರು. ಎಂಬತ್ತರ ದಶಕದಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ದೊಡ್ಡ ಹೊಲದ ಮನೆಗಳ ಹಿತ್ತಲು ಹೊಕ್ಕರೆ ಒಂದಲ್ಲ ಒಂದು ಮೋಟಾರು ಸಿಗುತ್ತಿತ್ತು. ಒಂದರಲ್ಲಿ ಕೋಳಿ ಕಾವು ಕೂತಿರುತ್ತಿತ್ತು, ಇನ್ನೊಂದರಲ್ಲಿ ಒಣದ್ರಾಕ್ಷಿಯ ಖಾಲಿ ಬುಟ್ಟಿಗಳು ತುಂಬಿರುತ್ತಿದ್ದವು. ಕೊಡ್ತೀರೇನ್ರಿ ಎಂದು ಕೇಳಿದರೆ ಮಾತ್ರ ಮಾಲಕರಿಗೆ ಎಲ್ಲಿಲ್ಲದ ಭಕ್ತಿ ಬರುತ್ತಿತ್ತು. "ಮನೀಗೆ ಬಂದ ಲಕ್ಷ್ಮೀನ ಹೊರಗ ಹಾಕ್ತಾರೇನೋ?" ಎನ್ನುತ್ತಿದ್ದರು. ಲಕ್ಷ್ಮಿಯ ತಲೆಯ ಮೇಲೆ ಕೋಳಿ ಹಿಕ್ಕೆ ಹಾಕಿದರೆ ಅಡ್ಡಿಯಿಲ್ಲ, ಇನ್ನೊಬ್ಬ ಆಕೆಯ ಮೈ ತೊಳೆದರೆ ಅಪಚಾರ. ಇಂಥವರೊಡನೆ ಜಗಳಾಡಿಯೇ ನನ್ನ ಅರ್ಧ ವಯಸ್ಸು ಕಳೆಯಿತು.

ನಾನು ಸಿಡುಕ, ಒಪ್ಪುತ್ತೇನೆ. ಆದರೆ ಕೆಲಸದಲ್ಲಿ ಒಂದು ನೇಮ ಬಿಟ್ಟವನಲ್ಲ. ಕೊಲ್ಹಾಪುರದಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳಿಕೊಟ್ಟದ್ದು: ಗಾಡಿಯಿಂದ ಬಿಚ್ಚಿದ ಕೆಟ್ಟ ಸಾಮಾನನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಗಾಡಿಯ ಜೊತೆಗೇ ಡಿಕ್ಕಿಯಲ್ಲಿಟ್ಟು ಮಾಲಕನಿಗೆ ಒಪ್ಪಿಸಬೇಕು. ಏನೇನು ಬದಲಾಯಿಸಿದೆ ಎಂದು ಬಾಯಿಯಿಂದ ಹೇಳುವುದು ಬೇಡ, ಚೀಲವೇ ಹೇಳುತ್ತದೆ. ಬೇರೆ ಗಾಡಿಯ ಸಾಮಾನು ತಂದು ಆ ಚೀಲಕ್ಕೆ ಹಾಕುವುದಕ್ಕೆ ನಮ್ಮ ಕಸುಬಿನಲ್ಲಿ ಕಳ್ಳತನ ಎಂದೇ ಹೆಸರು.

ನಿಪ್ಪಾಣಿ ಪಕ್ಕದ ಅಕ್ಕೋಳದ ಕಾರು ಸಿಕ್ಕಿದ್ದು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ. ತಂಬಾಕಿನ ಮೂಟೆಗಳ ಹಿಂದೆ, ಬೆರಳುದಪ್ಪದ ಧೂಳು ಹೊದ್ದುಕೊಂಡು ನಿಂತಿತ್ತು. ಕರೀ ಬಣ್ಣ, ಗುಂಡಗಿನ ಬೆನ್ನು, ಮುಂದೆ ಹಿತ್ತಾಳೆಯ ಪಟ್ಟಿ. ಮುಟ್ಟಿದವನಿಗೆ ಸೀನು ತಪ್ಪುತ್ತಿರಲಿಲ್ಲ. ಆದರೆ ಆ ಘಾಟಿಗೇ ಇಲಿಗಳು ಒಳಗೆ ಸುಳಿದಿರಲಿಲ್ಲ, ಸೀಟೂ ವೈರೂ ಹಾಗೇ ಉಳಿದಿದ್ದವು. ಆ ಮನೆಯ ಯಜಮಾನರು ಹಿಂದೆ ಎರಡು ಸಲ ನನ್ನನ್ನು ಬಾಗಿಲಲ್ಲೇ ಸಾಗಹಾಕಿದ್ದರು. ಮೂರನೆಯ ಸಲ ಅವರು ಸದಲಗಾದ ನೆಂಟರ ಮನೆಗೆ ಹೋಗಿದ್ದರು. ಅವರ ಹೆಂಡತಿ, ನಾನು ಆಯಿ ಎಂದು ಕರೆಯುತ್ತಿದ್ದ ಮುದುಕಿ, ಮನೆಯಲ್ಲಿದ್ದ ಇನ್ನೊಂದು ಕೀಲಿಕೈ ತಂದು ತಾವೇ ವಖಾರಿಯ ಕೀಲಿ ತೆಗೆದರು.

"ಒಯ್ಯಿ ತಮ್ಮಾ. ಅವರು ಬಂದ್ರ ನಾ ಹೇಳ್ತೀನಿ," ಅಂದರು.

ಕಾರಿನ ಕಥೆಯನ್ನೂ ಅವರೇ ಹೇಳಿದರು. ಬಹಳ ವರ್ಷದ ಹಿಂದೆ, ಒಬ್ಬಳೇ ಮಗಳನ್ನು ಕೃಷ್ಣಾ ಹೊಳೆಯಾಚೆ ಅಥಣಿ ಕಡೆಯ ಅನಂತಪುರಕ್ಕೆ ಕೊಟ್ಟಿದ್ದರು. ಅವಳು ಗಂಡನ ಮನೆಗೆ ಹೋದದ್ದು ಇದೇ ಕಾರಿನಲ್ಲಿ. ಮೊದಲ ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆತರಲು ಯಜಮಾನರು ಇದೇ ಕಾರು ಹೊಡೆದುಕೊಂಡು ಹೋದರು. ಇಲ್ಲಿ ಆಯಿ ಉಂಡಿ ಕಟ್ಟಿ, ಜೋಕಾಲಿ ಬಿಗಿಸಿ ಕಾದರು. ಮರುದಿನ ಹೊತ್ತು ಮುಳುಗುವಾಗ ಕಾರು ಬಂತು, ಎರಡು ಎತ್ತುಗಳು ಎಳೆದುಕೊಂಡು ಬಂದವು. ಒಳಗೆ ಯಾರೂ ಇರಲಿಲ್ಲ. ಹೊಳೆಯ ದಂಡೆಯಲ್ಲಿ ಗಾಲಿ ತಿರುಗಿಸುವ ಹಿಂದಿನ ಆಕ್ಸಲ್ ಮುರಿಯಿತು ಎಂದರು ಯಜಮಾನರು. ಇರಲಿ, ದೀಪಾವಳಿಗೆ ಕರೆತಂದರಾಯಿತು ಎಂದು ಎಲ್ಲರೂ ಸುಮ್ಮನಾದರು. ದೀಪಾವಳಿಗಿಂತ ಮೊದಲೇ ಮಗಳು ಕಾಮಾಲೆಯಾಗಿ ತೀರಿಕೊಂಡಳು. ಅಂದಿನಿಂದ ಕಾರು ವಖಾರಿ ಬಿಟ್ಟು ಕದಲಿರಲಿಲ್ಲ.

"ಭಾಳ ದಿನ ಇದಕ್ಕ ಬೈದ್ನಿ," ಅಂದರು ಆಯಿ. "ಆದ್ರ ಕಾಲು ಮುರದದ್ದು ಏನ್ ಮಾಡೀತು, ಪಾಪ? ಕಾಲು ಹಾಕಿ ಕೊಡು. ಪಂಚಮಿಗೆ ಕರ್ಕೊಂಡ ಬಾ. ಮತ್ತ, ಆ ಮುರದ ಆಕ್ಸಲ್ ನನ್ನ ಕೈಯಾಗ ಕೊಡು. ಹೊಳ್ಯಾಗ ಬಿಟ್ಟು ಬರ್ತೀನಿ. ಅದೊಂದು ಮನೀ ಬಿಟ್ಟು ಹೋಗ್ಲಿ."

ಆಗಲಿ ಆಯಿ, ನಿಮ್ಮ ಕೈಯಲ್ಲೇ ಕೊಡುತ್ತೇನೆ ಎಂದೆ. ನಾನು ಕೊಡದಿದ್ದರೂ ಚೀಲ ಕೊಡುತ್ತಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟುವ ಹೊತ್ತಿಗೆ ಅವರು ಒಳಗಿಂದ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಹಸಿರು ಖಣ ತಂದು ಹಿಂದಿನ ಸೀಟಿನ ಮೇಲಿಟ್ಟು, ಗಂಡನ ಮನೆಗೆ ಹೋಗುವ ಮಗಳಿಗೆ ತುಂಬುವಂತೆ ಕಾರಿಗೆ ಉಡಿ ತುಂಬಿದರು. ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಂದು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದೆ.

ಯಜಮಾನರು ಮಾರನೇ ದಿನವೇ ಗ್ಯಾರೇಜಿಗೆ ಬಂದರು. ರಂಪ ಮಾಡುತ್ತಾರೆ ಎಂದು ನಾನೂ ತೋಳೇರಿಸಿ ನಿಂತಿದ್ದೆ. ರಂಪ ಮಾಡಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಹೇಳಿದರು.

"ಮಿಸ್ತ್ರಿ, ಬಣ್ಣಾ ಹೊಡಿ. ಇಂಜಿನ್ ಮಾಡು. ಹಿಂದಿನ ಆಕ್ಸಲ್ ಬಿಚ್ಚಾಕ ಹೋಗಬ್ಯಾಡ."

"ಆಕ್ಸಲ್ ಬಿಚ್ಚದ ಗಾಡಿ ಹೆಂಗ ಓಡ್ತೈತ್ರಿ?"

"ಓಡದಿದ್ರ ಬಿಡು. ನಿಂದರ್ಸು. ನೋಡಾಕ ಚಂದ ಕಂಡ್ರ ಸಾಕು ಆಕಿಗೆ."

ನನ್ನ ಕಸುಬಿಗೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಹೆಣಕ್ಕೆ ಸಿಂಗಾರ ಮಾಡುವವನು ನಾನಲ್ಲ ಎಂದು ಮುಖಕ್ಕೇ ಹೇಳಿದೆ. ಅವರು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ಒಂದು ಪಂಚಮಿ ಹಾಗೇ ದಾಟಿತು. ಇಂಜಿನ್ನಿನ ರಿಂಗು ಮುಂಬಯಿಯಿಂದ ಬರಬೇಕಿತ್ತು, ಬಂದದ್ದು ಅಳತೆ ಕೂಡಲಿಲ್ಲ, ತಿರುಗಿ ಹೋಯಿತು. ಆಯಿ ಸಂತೆಗೆ ಬಂದಾಗೊಮ್ಮೆ ಗ್ಯಾರೇಜಿಗೆ ಬಂದು, ಕಾರಿನ ಹತ್ತಿರ ಸ್ವಲ್ಪ ನಿಂತು, "ಕಾಲು ಕೂಡ್ತೇನ?" ಎಂದು ಕೇಳಿ ಹೋಗುತ್ತಿದ್ದರು. ಬೇರೆಯವರು ಹೀಗೆ ಕೇಳಿದ್ದರೆ ನಟ್ಟು ತಿರುಗಿಸುವ ಪಾನಾ ಎಸೆಯುತ್ತಿದ್ದೆನೋ ಏನೋ. ಅವರಿಗೆ ಮಾತ್ರ ನೀರು ಕೊಟ್ಟು ಕೂಡಿಸುತ್ತಿದ್ದೆ.

ಕಡೆಗೆ ಹಿಂದಿನ ಗಾಲಿಗಳ ಸರದಿ ಬಂತು. ಜಾಕ್ ಏರಿಸಿ, ಗಾಲಿ ಕಳಚಿ, ಗಾಲಿಗೊಂದರಂತೆ ಇರುವ ಎರಡು ಆಕ್ಸಲ್‌ಗಳಲ್ಲಿ ಮೊದಲನೆಯದನ್ನು ಹೊರಗೆಳೆದೆ. ಎಡಗಡೆಯದು ನೆಟ್ಟಗಿತ್ತು. ಹಾಗಾದರೆ ಬಲಗಡೆಯದು ಮುರಿದಿರಬೇಕು ಎಂದುಕೊಂಡು ಅದನ್ನೂ ಎಳೆದೆ. ಅದೂ ನೆಟ್ಟಗಿತ್ತು. ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಅದನ್ನು ಕೆರೆದು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿದೆ. ಒಂದು ಗೀರು ಇಲ್ಲ. ಹಲ್ಲುಗಳು ಸವೆದಿರಲಿಲ್ಲ. ಎರಡರ ಮೇಲೂ ಕಾರು ತಯಾರಾದ ಕಾರ್ಖಾನೆಯ ಅದೇ ಗುರುತು, ಅಂದರೆ ನಡುವೆ ಯಾರೂ ಬದಲಾಯಿಸಿಯೂ ಇರಲಿಲ್ಲ. ಗೇರು, ಕ್ಲಚ್ಚು ಎಲ್ಲ ಬಿಚ್ಚಿ ನೋಡಿದೆ, ಅಂದು ಕಾರು ನಿಂತುಬಿಡುವಂಥ ಕಾರಣ ಎಲ್ಲೂ ಸಿಗಲಿಲ್ಲ. ಆ ಪಂಚಮಿಯ ದಿನ ಈ ಕಾರು ಅನಂತಪುರಕ್ಕೆ ಹೋಗಿ ಬರಬಹುದಿತ್ತು. ಹೋಗಿರಲಿಲ್ಲ, ಅಷ್ಟೇ.

ನನಗೆ ಬಂದ ಸಿಟ್ಟನ್ನು ಏನು ಹೇಳಲಿ. ಕೈ ಕೂಡ ಒರೆಸಿಕೊಳ್ಳದೆ ಗಾಡಿ ಹತ್ತಿ ಅಕ್ಕೋಳಕ್ಕೆ ಹೋದೆ. ಯಜಮಾನರು ಹೊಲದ ಬಾವಿಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನ ಕೈಯ ಗ್ರೀಸು ನೋಡಿಯೇ ಅವರಿಗೆ ತಿಳಿಯಿತು.

"ಬಿಚ್ಚಿದಿ?" ಅಂದರು.

"ಬಿಚ್ಚಿದ್ನಿ. ಎರಡೂ ನೆಟ್ಟಗ ಅದಾವು."

ಅವರು ಬಾವಿಯ ನೀರಿನ ಕಡೆ ತಿರುಗಿದರು. ಆಮೇಲೆ ತಾವಾಗಿ ಹೇಳಿದರು. "ಮದವ್ಯಾಗ ಬೀಗ ಪಂಕ್ತ್ಯಾಗ ಎಲ್ಲಾರ ಮುಂದ ಅಂದ, ಮೋಟಾರ ತರಾಕ ಆಕ್ಕೈತಿ, ಮಂದೀಗೆ ತುಪ್ಪ ಬಡಸಾಕ ಇವನ ಕೈ ಬರವಲ್ದು ಅಂತ. ಅವ ಬಂದು ಕೈ ಮುಗಿಯೂತನಾ ಅವನ ಹೊಸ್ತಲ ತುಳಿಯಂಗಿಲ್ಲ ಅಂತ ಆಣಿ ಮಾಡಿದ್ನಿ. ಮನ್ಯಾಗ ಹೇಳಲಿಲ್ಲ. ಪಂಚಮಿಗೆ ಹೋಗಬೇಕಂತನ ಹೊಂಟಿದ್ನಿ. ಹೊಳಿ ದಂಡ್ಯಾಗ ಕಾಲ ಏಳಲಿಲ್ಲ. ಹಾಂಗ ಕುಂತ್ನಿ. ಮನೀಗೆ ಖಾಲಿ ಹೋದ್ರ ಆಕಿಗೆ ಏನ್ ಹೇಳಲಿ? ಎತ್ತು ಕಟ್ಟಿಸಿದ್ನಿ."

ಒಂದು ಸೌಟು ತುಪ್ಪ. ಅಷ್ಟಕ್ಕೆ ಒಬ್ಬ ಹುಡುಗಿ ಅನಂತಪುರದಲ್ಲಿ ಗಂಟು ಕಟ್ಟಿಕೊಂಡು ದಾರಿ ನೋಡುತ್ತಲೇ ಉಳಿದಳು. ಬೈಯಬೇಕೆಂದೇ ಹೋಗಿದ್ದೆ. ಆ ಮನುಷ್ಯ ಇಷ್ಟು ವರ್ಷ ಅದೇ ವಖಾರಿಯ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗಿದ್ದನಲ್ಲ ಎಂದು ಸಂಕಟವೂ ಆಯಿತು.

"ಹೊಸಾ ಆಕ್ಸಲ್ ಹಾಕೀನಿ ಅಂತ ಹೇಳು, ಮಿಸ್ತ್ರಿ. ಕೈ ಮುಗೀತೀನಿ," ಅಂದರು. ಬೀಗನಿಂದ ಬಯಸಿದ್ದನ್ನು ನನಗೆ ಮಾಡಿದರು, ನಿಜವಾಗಿಯೂ ಕೈ ಮುಗಿದರು. ನಾನು ಮಾತು ಕೊಡದೆ ಗಾಡಿ ಹತ್ತಿದೆ.

ನನ್ನ ಗ್ಯಾರೇಜಿನ ವೆಲ್ಡರ್ ವಯಸ್ಸಾದವನು, ನನಗಿಂತ ಲೋಕ ಕಂಡವನು. ನಡೆದದ್ದು ಕೇಳಿ ಅವನು ಒಂದೇ ಮಾತಿನಲ್ಲಿ ದಾರಿ ತೋರಿಸಿದ. "ಮೂಲ್ಯಾಗ ಜೀಪಿನ ಮುರದ ಆಕ್ಸಲ್ ಬಿದ್ದೈತಲ್ಲ. ಚೀಲಕ್ಕ ಹಾಕು. ಆಯಿಗೇನ್ ಗೊತ್ತಾಕ್ಕೈತಿ? ಹೊಳ್ಯಾಗ ಬಿಡ್ತಾಳ, ಸಮಾಧಾನ ಆಕ್ಕಾಳ. ಮುದುಕಾನೂ ಉಳೀತಾನ." ಅವನು ಹೇಳಿದ್ದು ತಪ್ಪೇನಲ್ಲ. ಆ ಜೀಪಿನ ಆಕ್ಸಲ್ಲನ್ನು ಎಷ್ಟೋ ಸಲ ಎತ್ತಿ ಚೀಲದ ಹತ್ತಿರ ತಂದೆ. ಪ್ರತಿ ಸಲವೂ ಮತ್ತೆ ಮೂಲೆಗೇ ಒಯ್ದು ಇಟ್ಟೆ. ಸತ್ಯದ ಮೇಲಿನ ಪ್ರೀತಿಯಿಂದ ಎಂದು ಹೇಳಿಕೊಳ್ಳಲಾರೆ. ಮಗಳಿಗಾಗಿ ಕಾದ ಹೆಂಗಸು ಯಾವುದೋ ಜೀಪಿನ ಕಬ್ಬಿಣಕ್ಕೆ ಕುಂಕುಮ ಹಚ್ಚಿ ಅಳುವುದನ್ನು ನಾನು ನಿಂತು ನೋಡಲಾರೆ ಅನಿಸಿತು.

ಪಂಚಮಿಯ ಬೆಳಿಗ್ಗೆ ಕಾರು ಅಕ್ಕೋಳ ಸೇರಿತು. ಬಣ್ಣ ಕನ್ನಡಿಯ ಹಾಗಿತ್ತು. ಓಣಿಯ ಜನ ಸೇರಿ ಹೋ ಎಂದರು. ಆಯಿ ಬಣ್ಣವನ್ನೂ ನೋಡಲಿಲ್ಲ, ಇಂಜಿನ್ ಸದ್ದನ್ನೂ ಕೇಳಲಿಲ್ಲ. ತಂಬಿಗೆಯ ನೀರನ್ನು ಗಾಲಿಗೆ ಹಾಕಿ, ಆರತಿ ಬೆಳಗಿ, ಹಿಂದಿನ ಬಾಗಿಲು ತೆಗೆದು ಹಿಡಿದು ನಿಂತರು. ಯಾರೋ ಇಳಿಯುತ್ತಾರೆ ಎನ್ನುವ ಹಾಗೆ ಸ್ವಲ್ಪ ಹೊತ್ತು ನಿಂತು, ತಾವೇ ಬಾಗಿಲು ಹಾಕಿದರು. ಜನ ಚದುರಿದ ಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದರು.

"ಎಲ್ಲೈತಿ ಅದು?"

ನಾನು ಡಿಕ್ಕಿಯಿಂದ ಚೀಲ ತಂದು ಅಂಗಳದಲ್ಲಿಟ್ಟೆ. ಯಜಮಾನರು ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಆಯಿ ಬಾಯಿ ಬಿಚ್ಚಿ ಒಂದೊಂದೇ ಸಾಮಾನು ಹೊರಗೆ ತೆಗೆದರು. "ಇದನ?" "ಅಲ್ಲ ಆಯಿ, ಅದು ಬ್ರೇಕಿಂದು." "ಇದು?" "ಅದು ಡೈನಮೋ." ರಿಂಗು, ಪೈಪು, ಹರಿದ ಪಟ್ಟಿ, ತುಕ್ಕು ಹಿಡಿದ ಬೋಲ್ಟು. ಕಡೆಗೆ ಚೀಲವನ್ನು ತಲೆಕೆಳಗೆ ಮಾಡಿ ಕೊಡವಿದರು. ತಂಬಾಕಿನ ಧೂಳು ಬಿತ್ತು.

"ಮುರದದ್ದು?"

"ಯಾವುದೂ ಮುರದಿರಲಿಲ್ಲ ಆಯಿ," ಅಂದೆ.

ಆಯಿ ಕಟ್ಟೆಯ ಕಡೆ ನೋಡಿದರು. ಯಜಮಾನರು ತಲೆ ಎತ್ತಲಿಲ್ಲ. ಉತ್ತರ ಅದೇ ಆಗಿತ್ತು. ಆಯಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು, "ಏಳ್ರಿ. ಹೊಳೀಗೆ ಹೋಗೂದೈತಿ," ಅಂದರು.

ನಾನೇ ಕಾರು ಓಡಿಸಿ ಚಿಕ್ಕೋಡಿ ದಾಟಿದೆ. ಆಯಿ ನನ್ನ ಪಕ್ಕ ಕೂತಿದ್ದರು. ಹಿಂದಿನ ಸೀಟಿನಲ್ಲಿ ಯಜಮಾನರು, ಅವರ ಪಕ್ಕದಲ್ಲಿ ಆಯಿ ಹೊಸದಾಗಿ ತುಂಬಿದ ಉಡಿ. ದಾರಿಯುದ್ದಕ್ಕೂ ಊರೂರಿನ ಮರಗಳಲ್ಲಿ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಿದ್ದರು. ಎಷ್ಟೋ ವರ್ಷ ನಿಂತ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎಂದು ನನ್ನ ಜನ್ಮದಲ್ಲಿ ಮೊದಲ ಸಲ ಬೇಡಿಕೊಂಡೆ.

ಕೃಷ್ಣೆಯ ದಂಡೆ ಬಂತು. ನೀರು ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. "ಎಲ್ಲಿ ಗಾಡಿ ನಿಂದರ್ಸಿದ್ರಿ ಅವತ್ತು? ತೋರಸ್ರಿ," ಅಂದರು ಆಯಿ. ಯಜಮಾನರು ಇಳಿದು ಒಂದು ಜಾಲಿಯ ಮರದ ಕಡೆ ಕೈ ಮಾಡಿದರು. ಆಯಿ ಕೆಳಗಿಳಿದು ಆ ಮರವನ್ನು ನೋಡಿದರು, ಅಲ್ಲಿಂದ ಆಚೆ ದಂಡೆಯನ್ನು ನೋಡಿದರು. ಆಚೆಯಿಂದ ಒಂದು ಬಸ್ಸು ಬರುತ್ತಿತ್ತು. ಆಯಿ ಉಡಿಯ ಅಕ್ಕಿ, ಕಾಯಿ, ಖಣವನ್ನು ನೀರಿಗೆ ಬಿಟ್ಟು ಬಂದು ಕಾರು ಹತ್ತಿ ಬಾಗಿಲು ಹಾಕಿಕೊಂಡರು. ಯಜಮಾನರು ಹಿಂದಿನ ಬಾಗಿಲಿಗೆ ಕೈ ಹಾಕಿದರು.

"ನೀವು ಎತ್ತು ಕಟ್ಟಿಸಿಕೊಂಡು ಬರ್ರಿ," ಅಂದರು ಆಯಿ.

ಅವರು ಬಾಗಿಲಿನಿಂದ ಕೈ ತೆಗೆದರು. ಹೋಗಿ ಅದೇ ಜಾಲಿಯ ಬುಡದಲ್ಲಿ ಕೂತರು. ನಾನು ಕಾರು ಶುರು ಮಾಡಿದೆನೇ ಹೊರತು ಮುಂದೆ ಬಿಡಲಾಗಲಿಲ್ಲ. "ಆಯಿ, ಅಜ್ಜಾರು..." ಎಂದೆ.

"ಹೊಳೀಗೆ ಬಿಡೂದು ಬಿಟ್ಟಾತು," ಅಂದರು ಆಯಿ. "ನಡಿ ತಮ್ಮಾ."