ನರ್ಸಕ್ಕನ ಕಿವಿ

ಬಸುರಿಯ ಹೊಟ್ಟೆಗೆ ಕೊಳವೆ ಹಚ್ಚಿ ಕೂಸಿನ ಎದೆಬಡಿತ ಕೇಳುವುದು ಕುಪ್ಪೇಲೂರಿನ ನರ್ಸ್ ನಿರ್ಮಲಾಗೆ ಎಷ್ಟೋ ವರ್ಷಗಳ ರೂಢಿ. ಐವತ್ತು ದಾಟಿದ ಮೇಲೆ ಮುಟ್ಟು ನಿಂತಿತು. ಮೈಯೆಲ್ಲ ಝಳ, ನಿದ್ದೆಯಿಲ್ಲ. ರಾಣೆಬೆನ್ನೂರಿನ ಹೆಂಗಸರ ಡಾಕ್ಟರು ಹಾರ್ಮೋನಿನ ಗುಳಿಗಿ ಬರೆದುಕೊಟ್ಟರು. ಝಳ ಇಳಿದು ಕಣ್ತುಂಬ ನಿದ್ದೆ ಬಂತು.

ಗುಳಿಗಿ ಹಿಡಿದು ಎರಡು ವರ್ಷವಾಗುವ ಹೊತ್ತಿಗೆ, 2005ರಲ್ಲಿ, ಮಂದಿಯ ಮಾತು ಕಲಸಿಕೊಂಡಂತೆ ಕೇಳತೊಡಗಿತು. ಲಸಿಕೆಯ ದಿನ ಕೂಸುಗಳ ಅಳುವಿನ ನಡುವೆ ತಾಯಂದಿರು ಹೇಳುವುದು ತಿಳಿಯುತ್ತಿರಲಿಲ್ಲ. “ಟಿವಿ ಸಣ್ಣಗ ಮಾಡ, ಓಣಿಗೆಲ್ಲಾ ಕೇಳಾಕತ್ತೈತಿ,” ಎಂದು ಗಂಡ ಶಂಭುಲಿಂಗ ರೇಗುತ್ತಿದ್ದ.

ಒಂದು ಮಧ್ಯಾಹ್ನ ತುಂಬು ಬಸುರಿ ಸೈದಾಬಿ ಅತ್ತೆಯ ಜೊತೆ ಬಂದಳು. ನಿರ್ಮಲಾ ಕೊಳವೆಗೆ ಕಿವಿಗೊಟ್ಟಳು. ಏನೂ ಇಲ್ಲ. ಜಾಗ ಬದಲಿಸಿದಳು. ಆಗಲೂ ಇಲ್ಲ. ಅವಳ ಮುಖ ನೋಡಿಯೇ ಸೈದಾಬಿ ಅಳತೊಡಗಿದಳು. ಟೆಂಪೋ ಹಿಡಿದು ರಾಣೆಬೆನ್ನೂರಿಗೆ ಓಡಿದರು. ಅಲ್ಲಿ ನೋಡಿದರೆ ಕೂಸಿನ ಎದೆ ಗಟ್ಟಿಯಾಗಿಯೇ ಬಡಿಯುತ್ತಿತ್ತು.

“ಜೀವಾನ ಹೋಗಿತ್ರೀ ನಮ್ದು,” ಎಂದಳು ಅತ್ತೆ. “ಕಿವಿ ಕೇಳಂಗಿಲ್ಲಂತ ಮದ್ಲ ಹೇಳಬಾರದೇನ್ರಿ ನರ್ಸಕ್ಕಾ?”

ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಹಾವೇರಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, “ವಯಸ್ಸಾತಲ್ರೀ,” ಎಂದರು.

“ನಮ್ಮಕ್ಕ ಅರವತ್ತರಾಕಿ, ಪಿಸುಮಾತೂ ಕೇಳ್ತಾಳ್ರೀ. ನಾ ಹಾರ್ಮೋನಿನ ಗುಳಿಗಿ ತಗೋತೇನಿ, ಅದರಿಂದೇನರ...”

“ಕೊಟ್ಟೋರನ್ನ ಕೇಳ್ರಿ.”

ಕೊಟ್ಟವರು, “ಕಿವಿದು ನಂಗ ಗೊತ್ತಿಲ್ಲವ್ವಾ,” ಎಂದುಬಿಟ್ಟರು. ಎರಡು ಊರಿಗೆ ಬಸ್ಸು ಹತ್ತಿಳಿದು ನಿರ್ಮಲಾಗೆ ಸಿಟ್ಟು ನೆತ್ತಿಗೇರಿತು.

ಮರುವರ್ಷ ಪೇಪರಿನಲ್ಲಿ ಸಣ್ಣ ಸುದ್ದಿ: ಪ್ರೊಜೆಸ್ಟಿನ್ ಎಂಬ ಹಾರ್ಮೋನು ಕೂಡಿದ ಗುಳಿಗಿ ನುಂಗಿದ ಹೆಂಗಸರ ಕಿವಿ ಉಳಿದವರಿಗಿಂತ ಮಂದವಾಗಿತ್ತಂತೆ. ತನ್ನ ಗುಳಿಗಿಯಲ್ಲೂ ಅದೇ ಇತ್ತು. ಪೇಪರು ಒಯ್ದು ಗುಳಿಗಿ ಕೊಟ್ಟ ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ಓದಿ, ಈ ಸಲ ಕುಂದ್ರಿಸಿ ಮಾತಾಡಿದರು.

“ಇದರಿಂದನ ಹೋತು ಅಂತ ಹೇಳಾಕ ಬರಂಗಿಲ್ಲ. ಅಲ್ಲ ಅಂತಾನೂ ಹೇಳಂಗಿಲ್ಲ.”

“ಮತ್ತ ನಾ ಏನ್ ಮಾಡ್ಲಿ?”

“ನಿಲ್ಲಿಸಿ ನೋಡೂಣು.”

ನಿಲ್ಲಿಸಿದಳು. ಝಳ ತಿರುಗಿ ಬಂತು, ನಿದ್ದೆ ಹೋಯಿತು. ಕಿವಿ ಮತ್ತಷ್ಟು ಕೆಡಲಿಲ್ಲ, ಸುಧಾರಿಸಲೂ ಇಲ್ಲ. ಬಸುರಿಯರನ್ನು ನೋಡುವ ಕೆಲಸವನ್ನು ಜೊತೆಯ ನರ್ಸ್ ಮಹೇಶ್ವರಿಗೆ ಬಿಟ್ಟುಕೊಟ್ಟಳು. ಕೊನೆಗೆ ಕಿವಿಗೆ ಮಷೀನು ಹಾಕಿಕೊಂಡಳು. ಅದರಲ್ಲಿ ಮಾತಿಗಿಂತ ಪಾತ್ರೆಯ ಸಪ್ಪಳವೇ ಜೋರು.

“ಈಗರ ಕೇಳತೈತಲ್ಲ?” ಎಂದ ಶಂಭುಲಿಂಗ.

“ಕೇಳತೈತಿ. ಯಾಕ ಹೋತು ಅಂತ ಹೇಳೋರ ಇಲ್ಲ,” ಎಂದು ನಿರ್ಮಲಾ ಬೀಸಣಿಕೆ ಹುಡುಕುತ್ತ ಒಳಗೆ ಹೋದಳು.