ಲೀತ್ ಎತ್ತಿದ ಒಂದೇ ಬಾವುಟ

ನಮ್ಮ ಪಕ್ಕದ ಮನೆಯ ಲೀತ್ ಪ್ಯಾಸ್ಕೋ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವರು. ಇಪ್ಪತ್ತಾರು ವರ್ಷ ನಮ್ಮೂರು ಬಾರಂಗುಲ್‌ನ ಫುಟ್‌ಬಾಲ್ ಕ್ಲಬ್ಬಿನ ಗೋಲ್ ಅಂಪೈರ್ ಆಗಿದ್ದವರು. ಎರಡು ಕೆಲಸದಲ್ಲೂ ಅವರ ಮೇಲೆ ಒಂದೂ ದೂರು ಇರಲಿಲ್ಲ, ಆ ಶನಿವಾರದವರೆಗೆ.

ನಾನು ಮೆಲ್ಬರ್ನ್‌ನಲ್ಲಿ ಓದಿ ಬೆಳೆದವಳು. ಮದುವೆಯಾಗಿ ಈ ಗೋಧಿ ಸೀಮೆಗೆ ಬಂದೆ. ಎಲ್ಲದಕ್ಕೂ ಹೆದರುವ ಸ್ವಭಾವ. ಮಗು ಹುಟ್ಟಿದ ಮೇಲಂತೂ ಕೇಳಲೇಬೇಡಿ. ಹ್ಯಾಮಿಷ್ ಎರಡು ಸಲ ಕೆಮ್ಮಿದರೆ ಬೇಲಿಯ ಹತ್ತಿರ ಓಡುತ್ತಿದ್ದೆ. "ಕೆಮ್ತಿದಾನೆ ಅಂದ್ರೆ ಉಸಿರಾಡ್ತಿದಾನೆ ಅಂತಾಯ್ತಲ್ಲಮ್ಮ, ಹೋಗಿ ಒಂದು ಟೀ ಕುಡಿ" ಎಂದು ಲೀತ್ ಟೊಮ್ಯಾಟೊ ಗಿಡಗಳ ನಡುವಿನಿಂದ ತಲೆ ಎತ್ತದೆ ಹೇಳುತ್ತಿದ್ದರು. ಹೆಂಡತಿ ನೊರೀನ್ ತೀರಿಹೋಗಿ ಆಗಲೇ ಆರು ವರ್ಷವಾಗಿತ್ತು. ಉಳಿದವನು ಒಬ್ಬನೇ ಮಗ, ಡಾರ್ಸಿ. ಹನ್ನೆರಡು ಕಿಲೋಮೀಟರ್ ಆಚೆಯ ಜಮೀನಿನಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದ. ಪ್ರತಿ ಭಾನುವಾರ ಅಪ್ಪನ ಮನೆಗೆ ಕುರಿಮಾಂಸದ ರೋಸ್ಟ್ ಊಟಕ್ಕೆ ಬರುತ್ತಿದ್ದ. ಮೊಮ್ಮಕ್ಕಳ ಗಲಾಟೆಗೆ ನನ್ನ ಮಗು ಎದ್ದುಬಿಡುತ್ತದೆ ಎಂದು ನಾನು ಆಗ ಗೊಣಗುತ್ತಿದ್ದುದುಂಟು.

ನಮ್ಮ ಕಡೆಯ ಲೀಗಿನಲ್ಲಿ ಮೈದಾನದ ಅಂಪೈರು ಹೊರಗಿನಿಂದ ಬರುತ್ತಾರೆ. ಗೋಲ್ ಅಂಪೈರುಗಳು ಮಾತ್ರ ಒಂದೊಂದು ಕ್ಲಬ್ಬಿನಿಂದ ಒಬ್ಬೊಬ್ಬರು. ತನ್ನ ಊರಿನ ಹುಡುಗರ ಗೋಲನ್ನು ತಾನೇ ತೀರ್ಮಾನಿಸಬೇಕು, ತನ್ನ ಊರಿನವರ ಬೈಗುಳವನ್ನೂ ತಾನೇ ತಿನ್ನಬೇಕು. ಇದು ಆಸ್ಟ್ರೇಲಿಯದ ಫುಟ್‌ಬಾಲ್, ಚೆಂಡನ್ನು ಕೈಯಲ್ಲೂ ಹಿಡಿಯುತ್ತಾರೆ. ಗೋಲ್ ಅಂಪೈರ್ ಎರಡು ಬಾವುಟ ಬೀಸಿದರೆ ಗೋಲು, ಆರು ಅಂಕ; ಒಂದು ಬೀಸಿದರೆ ಒಂದೇ ಅಂಕ. ಒದ್ದ ಚೆಂಡಿಗೆ ದಾರಿಯಲ್ಲಿ ಯಾರದೇ ಬೆರಳು ಸೋಕಿದರೂ ಆರು ಹೋಗಿ ಒಂದಾಗುತ್ತದೆ. ಹಾಗಾಗಿ ಚೆಂಡು ತಲೆಯ ಮೇಲೆ ಒಂದು ಮಾರು ಎತ್ತರದಲ್ಲಿ ಹೋದರೂ ಎದುರಾಳಿಗಳೆಲ್ಲ ಕೈ ಎತ್ತಿ "ತಾಗ್ತು! ತಾಗ್ತು!" ಎಂದು ಕೂಗುವುದು ಇಲ್ಲಿ ಮಾಮೂಲು. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಆಟ ಎನ್ನುತ್ತಾರೆ.

ಲೀತ್ ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಬಿಳಿ ಕೋಟು ಹಾಕಿಕೊಂಡು ಎರಡು ಕಂಬಗಳ ನಡುವೆ ನಿಂತರೆ ಮುಗಿಯಿತು. "ಏ ಐಸ್‌ಕ್ರೀಮ್ ಮಾರೋನೇ, ಕನ್ನಡಕ ಎಲ್ಲಿ ಅಡ ಇಟ್ಟೆ?" ಎಂದು ಬೇಲಿಯಿಂದ ಕೂಗಿದರೆ, ತಿರುಗದೆಯೇ "ನಿನ್ನ ಮೂತಿ ನೋಡ್ಬಾರ್ದು ಅಂತಾನೇ ತೆಗೆದಿಟ್ಟಿದೀನಿ" ಎನ್ನುತ್ತಿದ್ದರು.

ಅದು ಆಗಸ್ಟ್ ಕೊನೆಯ ಶನಿವಾರ. ಪಕ್ಕದೂರು ಡನ್‌ವಿಕ್ ಮೇಲೆ ಗೆದ್ದರೆ ನಮ್ಮೂರು ಒಂಬತ್ತು ವರ್ಷಗಳ ನಂತರ ಫೈನಲ್ಸ್‌ಗೆ. ಸೋತರೆ ನಮ್ಮ ತಂಡದಲ್ಲಿ ಆಡುತ್ತಿದ್ದ ಡಾರ್ಸಿಗೆ ಅದೇ ಕೊನೆಯ ಆಟ. ಅವನಿಗೆ ಮೂವತ್ತನಾಲ್ಕು, ಎರಡೂ ಮಂಡಿ ಕೆಟ್ಟಿದ್ದವು. ನಾನು ನಾಲ್ಕು ತಿಂಗಳ ಹ್ಯಾಮಿಷ್‌ನನ್ನು ಎತ್ತಿಕೊಂಡು ಗೋಲಿನ ಹಿಂದೆ ನಿಲ್ಲಿಸಿದ್ದ ಕಾರಿನಲ್ಲಿ ಕೂತಿದ್ದೆ, ಚೆಂಡು ಗಾಜಿಗೆ ಬಡಿದರೆ ಏನು ಗತಿ ಎಂದು ಯೋಚಿಸುತ್ತ.

ಎರಡು ಅಂಕ ಹಿಂದೆ ಇದ್ದೆವು. ಡಾರ್ಸಿ ಚೆಂಡನ್ನು ಗಾಳಿಯಲ್ಲೇ ಹಿಡಿದ, ಆಟ ಮುಗಿದ ಸೈರನ್ ಆಯಿತು. ಹಾಗೆ ಹಿಡಿದವನಿಗೆ ಸೈರನ್ ಆದ ಮೇಲೂ ಒಂದು ಒದೆತ ಬಾಕಿ ಇರುತ್ತದೆ. ಡನ್‌ವಿಕ್‌ನವರೆಲ್ಲ ಗೋಲಿನ ಗೆರೆಯ ಮೇಲೆ ಸಾಲಾಗಿ ನಿಂತರು. ಅವರ ಹಿಂದೆ, ಕಂಬಕ್ಕೆ ಬೆನ್ನು ಕೊಟ್ಟು, ಲೀತ್.

ಚೆಂಡು ನೇರವಾಗಿ ಬಂತು. ಡನ್‌ವಿಕ್‌ನ ಕೇನ್ ಟ್ರೆವಿನ್ ಎಂಬ ಉದ್ದನೆಯ ಆಟಗಾರ ಹಾರಿದ. ಚೆಂಡು ಅವನನ್ನು ದಾಟಿ ನಮ್ಮ ಕಾರಿನ ಪಕ್ಕಕ್ಕೆ ಬಿತ್ತು. ಗೋಲಾಯಿತೆಂದು ನಮ್ಮವರ ಕಾರುಗಳ ಹಾರನ್ ಶುರುವಾಯಿತು. ಆದರೆ ಕೇನ್ ಎಲ್ಲರ ಹಾಗೆ ಕೂಗಲಿಲ್ಲ. ಬಲಗೈ ಬೆರಳು ಹಿಡಿದುಕೊಂಡು ಮಂಡಿಯೂರಿ ಕುಸಿದ. "ಅಯ್ಯೋ, ಬೆರಳು ಹೋಯ್ತು ಮಿಸ್ಟರ್ ಪಿ" ಎಂದ.

ಶಾಲೆಯ ಬಸ್ಸಿನ ಮಕ್ಕಳೆಲ್ಲ ಲೀತ್‌ರನ್ನು ಕರೆಯುತ್ತಿದ್ದುದು ಹಾಗೆ. ಕೇನ್ ಹನ್ನೊಂದು ವರ್ಷ ಡನ್‌ವಿಕ್‌ನಿಂದ ನಮ್ಮೂರಿನ ಶಾಲೆಗೆ ಅವರ ಹಿಂದಿನ ಸೀಟಿನಲ್ಲಿ ಕೂತು ಬಂದವನು.

ಮೈದಾನದ ಅಂಪೈರ್ ಓಡಿ ಬಂದ. "ತಾಗ್ತಾ?"

"ತಾಗಿದೆ" ಎಂದರು ಲೀತ್.

"ಖಚಿತಾನಾ?"

"ಖಚಿತ."

ಲೀತ್ ಬಗ್ಗಿ ಬಾವುಟ ತೆಗೆದರು. ಒಂದೇ ಒಂದು. ಬೀಸುವ ಮೊದಲು ಸ್ವಲ್ಪ ತಡೆದರು. ನಾನು ಅಷ್ಟು ಹತ್ತಿರದಿಂದ ನೋಡಿದ್ದರಿಂದ ನನಗೆ ನೆನಪಿದೆ. ಬೇರೆ ಯಾರೂ ಗಮನಿಸಲಿಲ್ಲ.

ಒಂದು ಅಂಕದಲ್ಲಿ ಸೋತೆವು. ಡಾರ್ಸಿ ಅಪ್ಪನ ಎದುರು ಬಂದು ನಿಂತ. "ನಿಂಗೆ ಮಗ ನಾನೋ, ಅವನೋ?" ಎಂದ. ಲೀತ್ ಬಾವುಟಗಳನ್ನು ಸುತ್ತುತ್ತಿದ್ದರು. "ಕಂಡಿದ್ದನ್ನ ಹೇಳ್ದೆ" ಎಂದರು.

ಅಷ್ಟೇ. ಭಾನುವಾರದ ಊಟ ನಿಂತಿತು. ಕ್ರಿಸ್‌ಮಸ್‌ಗೆ ಡಾರ್ಸಿಯ ಹೆಂಡತಿ ಮಕ್ಕಳ ಕೈಯಲ್ಲಿ ತಾತನಿಗೆ ಫೋನು ಮಾಡಿಸಿದಳು. ಬೇಕರಿಯಲ್ಲಿ ಜನ ಲೀತ್‌ಗೆ "ಹೇಗಿದೀರ?" ಎನ್ನುತ್ತಿದ್ದರು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಮುಂದಿನ ಸೀಸನ್ನಿಗೆ ಕ್ಲಬ್ಬು ಬೇರೆ ಗೋಲ್ ಅಂಪೈರನ್ನು ಹುಡುಕಿತು. ಲೀತ್ ಟೊಮ್ಯಾಟೊ ಬೆಳೆದು ಒಬ್ಬರೇ ತಿನ್ನಲಾಗದೆ ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು. ಅವರಿಗೆ ಏನಾದರೂ ಆದರೆ ಮೊದಲು ತಿಳಿಯುವವಳು ನಾನೇ ಎಂಬ ಭಯಕ್ಕೆ ದಿನಾ ಬೆಳಿಗ್ಗೆ ಅವರ ಅಡುಗೆಮನೆಯ ಪರದೆ ಸರಿದಿದೆಯೇ ಎಂದು ನೋಡುತ್ತಿದ್ದೆ.

ಹೀಗೆ ಒಂದೂ ಮುಕ್ಕಾಲು ವರ್ಷ. ಆಮೇಲೆ ಮೇ ತಿಂಗಳಲ್ಲಿ ಡನ್‌ವಿಕ್ ಕ್ಲಬ್ಬಿನಲ್ಲಿ ಕೇನ್‌ನ ಇನ್ನೂರನೇ ಆಟದ ಪಾರ್ಟಿ. ಮೈಕು ಹಿಡಿದ ಕೇನ್ ಬಿಯರ್ ಏರಿದ ಸಂತೋಷದಲ್ಲಿ, "ನನ್ನ ಜೀವಮಾನದ ಬೆಸ್ಟ್ ಆಟ ಯಾವುದು ಗೊತ್ತಾ? ಚೆಂಡು ಮುಟ್ಟದೇನೇ ಆಡಿದ್ದು" ಎಂದು ಬೆರಳು ಹಿಡಿದು ಕುಣಿದು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾರೋ ವಿಡಿಯೊ ಮಾಡಿದರು. ಬೆಳಗಾಗುವಷ್ಟರಲ್ಲಿ ನಮ್ಮೂರಿನ ಎಲ್ಲ ಫೋನುಗಳಲ್ಲೂ ಅದೇ.

ಆ ಭಾನುವಾರ ಸಂಜೆ ಡಾರ್ಸಿಯ ಟ್ರಕ್ಕು ಬಂದು ನಿಂತಿತು. ನಾನು ಹ್ಯಾಮಿಷ್‌ನ ಕೈ ಹಿಡಿದು ಬೇಲಿಯ ಹತ್ತಿರವೇ ಇದ್ದೆ. ಒಳಗೆ ಹೋಗಬೇಕಿತ್ತು, ಹೋಗಲಿಲ್ಲ.

ಡಾರ್ಸಿ ಅಂಗಳ ದಾಟಿ ಬಂದವನೇ ಅಪ್ಪನ ಭುಜ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ನೋಡಿದ್ಯಾ ಅಪ್ಪ? ಆ ನನ್ಮಗ ನಿಂಗೆ ಮೋಸ ಮಾಡಿದಾನೆ. ನಿಂದೇನೂ ತಪ್ಪಿಲ್ಲ. ನಾನೇ ಕತ್ತೆ ಥರ ಆಡ್ದೆ. ಮುಂದಿನ ವಾರ ಮಕ್ಕಳನ್ನ ಕರ್ಕೊಂಡು ಬರ್ತೀನಿ."

ಲೀತ್‌ಗೆ ಬೇಕಾಗಿದ್ದುದು ಅದೇ. ತಲೆಯಾಡಿಸಿದ್ದರೆ ಸಾಕಿತ್ತು. ತಲೆಯಾಡಿಸಿ, ಸುಮ್ಮನಿರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಡಾರ್ಸಿ, ನಂಗೆ ಗೊತ್ತಿತ್ತು" ಎಂದರು ಅವರು.

"ಏನು ಗೊತ್ತಿತ್ತು?"

"ತಾಗಿದೆ ಅಂದಾಗ ನಂಬಿಕೊಂಡೇ ಅಂದೆ. ಬಾವುಟ ತಗೊಳ್ಳೋಕೆ ಬಗ್ಗಿದಾಗ ಅವನ ಮುಖ ನೋಡ್ದೆ. ಹನ್ನೊಂದು ವರ್ಷ ಬಸ್ಸಿನ ಕನ್ನಡೀಲಿ ನೋಡಿದ ಮುಖ ಕಣೋ. ಹಿಂದಿನ ಸೀಟು ಹರಿದು 'ನಾನಲ್ಲ' ಅಂತಿದ್ದ ಮುಖ. ಬೀಸೋ ಮುಂಚೇನೇ ಗೊತ್ತಾಯ್ತು."

"ಮತ್ತೆ ಯಾಕೆ ಬೀಸಿದೆ?"

"ಮಾತು ಬದಲಿಸಿದ್ರೆ ಮಗನಿಗೋಸ್ಕರ ಬದಲಿಸಿದ ಅಂತಾರೆ ಅನ್ನಿಸ್ತು. ಬೇರೆ ಯಾರು ಒದ್ದಿದ್ರೂ ಬದಲಿಸ್ತಿದ್ದೆ."

ಡಾರ್ಸಿಯ ಕೈ ಭುಜದಿಂದ ಜಾರಿತು. "ಕಣ್ಣು ಕಾಣ್ಲಿಲ್ಲ ಅಂದ್ಕೊಂಡು ಇಷ್ಟು ದಿನ ಬೈಕೊಂಡೆ ನಿನ್ನ. ಕಣ್ಣು ಕಾಣ್ದೇ ಇದ್ದಿದ್ರೇ ಚೆನ್ನಾಗಿತ್ತು ಅಪ್ಪ" ಎಂದ. ಕೂಗಲಿಲ್ಲ. ಕೂಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಟ್ರಕ್ಕು ಹಿಂದಕ್ಕೆ ತಿರುಗಿಸಿ, ಗೇಟು ಹಾಕಲೂ ಇಳಿಯದೆ ಹೊರಟುಹೋದ.

ನನಗೆ ತಡೆಯಲಾಗಲಿಲ್ಲ. "ಯಾಕೆ ಹೇಳಿದ್ರಿ ಲೀತ್? ಅವನಾಗೇ ಬಂದಿದ್ನಲ್ಲ, ಸುಮ್ನಿರಬಾರದಿತ್ತಾ?" ಎಂದೆ.

"ಅವನು ಬಂದಿದ್ದು ಮೋಸ ಹೋದ ಅಪ್ಪನ ಹತ್ತಿರ" ಎಂದರು. "ಆ ಅಪ್ಪ ಈ ಮನೇಲಿಲ್ಲ."

ಗೇಟಿನವರೆಗೆ ಹೋಗಿ ಅದನ್ನು ಹಾಕಿದರು. ಮಣ್ಣುರಸ್ತೆಯ ಧೂಳು ಇಳಿಯುವವರೆಗೆ ಅಲ್ಲೇ ನಿಂತಿದ್ದರು. ಹಿಂದಿರುಗುವಾಗ ನಾನು ಇನ್ನೂ ಬೇಲಿಯ ಹತ್ತಿರವೇ ಇರುವುದನ್ನು ಕಂಡು, "ಮಗೂಗೆ ಸ್ವೆಟರ್ ಹಾಕಿಲ್ಲ ನೀನು. ಒಳಗೆ ಕರ್ಕೊಂಡು ಹೋಗಮ್ಮ, ಚಳಿ ಬಿತ್ತು" ಎಂದರು.